ಫ್ರೆಡ್ಡಿ ಫೆಂಡರ್ 1959ರಲ್ಲೇ ಹಿಟ್ ಕೊಟ್ಟವರು, 1975ರವರೆಗೆ ಎಲ್ಲಿ ಹೋಗಿದ್ದರು? ಅವರು ತೆಹಾನೊ ಗಾಯಕರೋ ಕಂಟ್ರಿ ಗಾಯಕರೋ? ಎಲ್ಲಿಂದ ಕೇಳಲು ಶುರು ಮಾಡಲಿ?

ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ: ಸುಮಾರು ಮೂರು ವರ್ಷ ಜೈಲಿನಲ್ಲಿದ್ದರು. ಆಮೇಲೆ ನ್ಯೂ ಆರ್ಲಿಯನ್ಸ್‌ನ ಬಾರುಗಳಲ್ಲಿ ಹಾಡಿದರು, ಕೊನೆಗೆ ಊರಿಗೆ ಮರಳಿ ಮೆಕ್ಯಾನಿಕ್ ಆದರು. ಎರಡನೆಯದಕ್ಕೆ ಉತ್ತರ ಅವರ ದಾರಿ ನೋಡಿದರೆ ತಾನಾಗಿ ಸಿಗುತ್ತದೆ. ಕಂಟ್ರಿ ಅಂದರೆ ಅಮೆರಿಕದ ಹಳ್ಳಿಗಾಡಿನಿಂದ ಬಂದ ಜನಪ್ರಿಯ ಸಂಗೀತ, ತೆಹಾನೊ ಏನೆಂದು ಮುಂದೆ ಹೇಳುತ್ತೇನೆ.

ಅವರ ನಿಜವಾದ ಹೆಸರು ಬಾಲ್ಡೆಮಾರ್ ವೆರ್ತಾ. 1937ರ ಜೂನ್ 4ರಂದು ಟೆಕ್ಸಸ್‌ನ ದಕ್ಷಿಣ ತುದಿಯಲ್ಲಿ, ಮೆಕ್ಸಿಕೋ ಗಡಿಗೆ ಹತ್ತಿರದ ಸ್ಯಾನ್ ಬೆನಿಟೊದಲ್ಲಿ ಹುಟ್ಟಿದರು. ಮನೆಯವರು ಬೆಳೆ ಕೊಯ್ಲಿಗೆ ಊರೂರು ಅಲೆಯುವ ಕೂಲಿಕಾರರು. ಮೆಕ್ಸಿಕೋ ಮೂಲದ ಟೆಕ್ಸಸ್ ಜನರ ಸಂಗೀತವನ್ನೇ ತೆಹಾನೊ ಅನ್ನುವುದು. ಅದರ ಹಳ್ಳಿಗಾಡಿನ ರೂಪ ಕೊಂಹುಂತೊ. ಅದಕ್ಕೆ ಗುಂಡಿ ಅಕಾರ್ಡಿಯನ್ ಮತ್ತು ಬಾಹೊ ಸೆಕ್ಸ್ತೊ, ಅಂದರೆ ಜೋಡಿ ಜೋಡಿಯಾಗಿ ಹನ್ನೆರಡು ತಂತಿಯ ದಪ್ಪದನಿಯ ಗಿಟಾರು, ಇವೆರಡೇ ಬೆನ್ನೆಲುಬು. ಜರ್ಮನ್, ಚೆಕ್ ವಲಸಿಗರಿಂದ ಬಂದ ಪೋಲ್ಕಾ ಅನ್ನುವ ಕುಣಿತದ ನಡೆ ಅದರಲ್ಲಿ ಸೇರಿಹೋಗಿದೆ. ಬಾಲ್ಡೆಮಾರ್ ಬೆಳೆದದ್ದು ಈ ಸಂಗೀತದ ನಡುವೆ, ಜೊತೆಗೆ ಹೊಲಗಳಲ್ಲಿ ಕೇಳಿದ, ಕಪ್ಪು ಜನರ ಬ್ಲೂಸ್ ಹಾಡುಗಳು ಬೇರೆ. ಹತ್ತನೇ ವಯಸ್ಸಿಗೇ ಪಕ್ಕದ ಹಾರ್ಲಿಂಜನ್ ಊರಿನ ರೇಡಿಯೋದಲ್ಲಿ ಹಾಡಿದ್ದರು. ಹದಿನಾರಕ್ಕೆ ಶಾಲೆ ಬಿಟ್ಟು ಅಮೆರಿಕದ ಸೇನಾಪಡೆ ಮರೀನ್ಸ್ ಸೇರಿ ಮರಳಿದರು.

1957ರಲ್ಲಿ ಫಾಲ್ಕನ್ ಅನ್ನುವ ಟೆಕ್ಸಸ್ ಲೇಬಲ್ಲಿಗೆ, ಅಂದರೆ ರೆಕಾರ್ಡ್ ಕಂಪನಿಗೆ, ಎಲ್ವಿಸ್ ಪ್ರೀಸ್ಲಿಯ ಒಂದು ಹಾಡನ್ನು ಸ್ಪ್ಯಾನಿಷ್‌ನಲ್ಲಿ ಹಾಡಿದರು, 'ನೋ ಸೇಆಸ್ ಕ್ರುಯೆಲ್'. ಆಗ ಅವರ ಹೆಸರು ಎಲ್ ಬೀಬಾಪ್ ಕಿಡ್. ಗಡಿಯಾಚೆ ಮೆಕ್ಸಿಕೋದಲ್ಲಿ ಅದು ಚೆನ್ನಾಗಿ ಓಡಿತು. ಇಂಗ್ಲಿಷ್ ಕೇಳುಗರನ್ನೂ ತಲುಪಬೇಕೆಂದು 1959ರಲ್ಲಿ ಹೆಸರು ಬದಲಿಸಿಕೊಂಡರು. ಫೆಂಡರ್ ಅನ್ನುವುದು ಗಿಟಾರಿನ ಬ್ರ್ಯಾಂಡಿನಿಂದ ಎತ್ತಿಕೊಂಡದ್ದು. ಫ್ರೆಡ್ಡಿ ಅದಕ್ಕೆ ಪ್ರಾಸವಾಗಿ ಕೂತಿತು.

ಅದೇ ವರ್ಷ ವೇನ್ ಡಂಕನ್ ಜೊತೆ ಸೇರಿ 'ವೇಸ್ಟೆಡ್ ಡೇಸ್ ಅಂಡ್ ವೇಸ್ಟೆಡ್ ನೈಟ್ಸ್' ಬರೆದರು. ಆ ಕಾಲದ ವ್ಯವಹಾರ ಹೇಗಿತ್ತು ಅಂತ ಇಲ್ಲಿ ತಿಳಿದುಕೊಳ್ಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಊರಿನ ಸಣ್ಣ ಲೇಬಲ್ ಒಂದಷ್ಟು ಪ್ಲೇಟು ಒತ್ತಿಸಿ ಸುತ್ತಮುತ್ತಲ ರೇಡಿಯೋಗೆ ಕೊಡುತ್ತಿತ್ತು. ಕೇಳುಗರು ಮತ್ತೆ ಮತ್ತೆ ಕೇಳಿದರೆ, ದೇಶವ್ಯಾಪಿ ಹಂಚಿಕೆ ಇರುವ ದೊಡ್ಡ ಕಂಪನಿ ಆ ಟೇಪನ್ನು ಗುತ್ತಿಗೆಗೆ ಪಡೆಯುತ್ತಿತ್ತು. ಈ ಹಾಡು ಡಂಕನ್ ಲೇಬಲ್ಲಿನಿಂದ ಇಂಪೀರಿಯಲ್‌ಗೆ ಹೋದದ್ದು ಹೀಗೇ. ಈ ಪದ್ಧತಿಯ ದೌರ್ಬಲ್ಯ ಏನೆಂದರೆ ರೇಡಿಯೋ ಕೈಬಿಟ್ಟ ದಿನವೇ ಎಲ್ಲ ನಿಂತುಬಿಡುತ್ತದೆ. ಹಾಡು ಮೇಲೇರುತ್ತಿದ್ದಾಗಲೇ, 1960ರ ಮೇನಲ್ಲಿ, ಲೂಸಿಯಾನದ ಬ್ಯಾಟನ್ ರೂಜ್‌ನಲ್ಲಿ ಗಾಂಜಾ ಇಟ್ಟುಕೊಂಡ ಆರೋಪದ ಮೇಲೆ ಫೆಂಡರ್ ಮತ್ತು ಅವರ ಬೇಸ್ ವಾದಕ ಸಿಕ್ಕಿಬಿದ್ದರು. ಲೂಸಿಯಾನದ್ದೇ ಆದ ಅಂಗೋಲಾ ಜೈಲಿಗೆ ಹೋದರು. ಅಲ್ಪ ಪ್ರಮಾಣದ ಗಾಂಜಾಕ್ಕೆ ಒಬ್ಬ ಕಲಾವಿದನ ಅತ್ಯುತ್ತಮ ವರ್ಷಗಳು ಹೋದವು ಅನ್ನುವುದು ನನಗೆ ಇವತ್ತಿಗೂ ಸಹಿಸಲಾಗದ ಅನ್ಯಾಯ. 1963ರಲ್ಲಿ ಪೆರೋಲ್ ಮೇಲೆ ಬಿಟ್ಟಾಗ ಸಂಗೀತದ ದಂಧೆಯಿಂದ ದೂರವಿರಬೇಕೆಂಬ ಷರತ್ತು ಹಾಕಿದರು. ಷರತ್ತು ಹಾಕಿದ ಆಗಿನ ಗವರ್ನರ್ ಜಿಮ್ಮಿ ಡೇವಿಸ್ ಸ್ವತಃ ಗಾಯಕ!

1969ರ ಹೊತ್ತಿಗೆ ಅವರು ಸ್ಯಾನ್ ಬೆನಿಟೊಗೆ ಬಂದು ವಾರವಿಡೀ ರಿಪೇರಿ ಕೆಲಸ, ವಾರಾಂತ್ಯಕ್ಕೆ ಹಾಡು ಅಂತ ಬದುಕುತ್ತಿದ್ದರು. ಜನ ಮಾತ್ರ 'ವೇಸ್ಟೆಡ್ ಡೇಸ್' ಹಾಡನ್ನು ಮರೆತಿರಲಿಲ್ಲ. 1971ರಲ್ಲಿ ಟೆಕ್ಸಸ್‌ನವರೇ ಆದ ಗಾಯಕ ಡಗ್ ಸಾಮ್‌ರ ತಂಡ ಅದನ್ನು ಮತ್ತೆ ರೆಕಾರ್ಡ್ ಮಾಡಿತು.

ಆಮೇಲೆ ಸಿಕ್ಕವರು ಹ್ಯೂಸ್ಟನ್‌ನ ನಿರ್ಮಾಪಕ ಹ್ಯೂಯಿ ಮೋ. 'ಬಿಫೋರ್ ದ ನೆಕ್ಸ್ಟ್ ಟಿಯರ್‌ಡ್ರಾಪ್ ಫಾಲ್ಸ್' ಹಾಡಿನ ವಾದ್ಯದ ಟ್ರ್ಯಾಕು ಮೊದಲೇ ಸಿದ್ಧವಿತ್ತು, ಫೆಂಡರ್ ಅದರ ಮೇಲೆ ಕೆಲವೇ ನಿಮಿಷಗಳಲ್ಲಿ ಹಾಡಿ ಮುಗಿಸಿದರು. ಹಾಡು ಅವರದಲ್ಲ. ವಿವಿಯನ್ ಕೀತ್ ಮತ್ತು ಬೆನ್ ಪೀಟರ್ಸ್ ಬರೆದದ್ದು, ಅದಕ್ಕೂ ಮುಂಚೆ ಹಲವರು ಹಾಡಿ ದೊಡ್ಡ ಯಶಸ್ಸು ಕಂಡಿರಲಿಲ್ಲ. ಫೆಂಡರ್ ಮಾಡಿದ ಬದಲಾವಣೆ ಒಂದೇ: ಮೊದಲ ಚರಣವನ್ನು ಇಂಗ್ಲಿಷ್‌ನಲ್ಲಿ ಹಾಡಿ, ನಂತರ ಅದನ್ನೇ ಸ್ಪ್ಯಾನಿಷ್‌ನಲ್ಲಿ ಹಾಡಿದರು. ಆ ಜಾಗವನ್ನು ಹೆಡ್‌ಫೋನ್ ಹಾಕಿ ಕೇಳಿ. ಲಯ ಬದಲಾಗುವುದಿಲ್ಲ, ವಾದ್ಯ ಬದಲಾಗುವುದಿಲ್ಲ, ಆದರೆ ಸ್ಪ್ಯಾನಿಷ್ ಬಂದ ಕೂಡಲೇ ದನಿ ಸಡಿಲಗೊಂಡು ಸ್ವರದ ಕೊನೆಯ ಕಂಪನ ಹೆಚ್ಚುತ್ತದೆ. ಮೆಕ್ಸಿಕೋದ ಹಳ್ಳಿಹಾಡು ರಾಂಚೇರಾದ ಹಳೆಯ ಗಾಯಕರು ಅಳುವನ್ನು ಗಂಟಲಲ್ಲೇ ತಡೆದು ಹಾಡುವ ರೀತಿ ಅದು. ಕಂಟ್ರಿ ಹಾಡಿನೊಳಗೆ ಅದನ್ನು ತಂದಿಟ್ಟದ್ದೇ ಈ ಹಾಡನ್ನು ಗೆಲ್ಲಿಸಿತು ಎಂದು ನನ್ನ ಖಚಿತ ಅಭಿಪ್ರಾಯ.

ಮತ್ತೆ ಅದೇ ಗುತ್ತಿಗೆಯ ದಾರಿ: ಮೋ ಅವರ ಕ್ರೇಜಿ ಕೇಜನ್ ಲೇಬಲ್ಲಿನಿಂದ ಎಬಿಸಿ-ಡಾಟ್‌ಗೆ. 1975ರಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲೂ, ಎಲ್ಲ ಬಗೆಯ ಹಾಡುಗಳ ಹಾಟ್ 100 ಪಟ್ಟಿಯಲ್ಲೂ ಮೊದಲ ಸ್ಥಾನ. ಬೆನ್ನಿಗೇ 'ವೇಸ್ಟೆಡ್ ಡೇಸ್' ಅನ್ನು ಹೊಸದಾಗಿ ಹಾಡಿಸಿದರು, ಕಂಟ್ರಿಯಲ್ಲಿ ಅದೂ ಒಂದನೇ ಸ್ಥಾನ, ಹಾಟ್ 100ರಲ್ಲಿ ಎಂಟು. ಹಾಗಾಗಿ ತೆಹಾನೊ, ಕಂಟ್ರಿ ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ಆಗುವುದಿಲ್ಲ. ಅಂಗಡಿಯವರು ಅವರನ್ನು ಕಂಟ್ರಿ ಕಪಾಟಿನಲ್ಲಿ ಇಟ್ಟರು, ಹಾಡಿದ ಗಂಟಲು ತೆಹಾನೊ.

ಈಗ ಕೇಳುವ ವಿಷಯ. ಎಲ್ಲರೂ ಎಡವುವ ಜಾಗ ಸಂಕಲನಗಳು. 1975ರ ಯಶಸ್ಸಿನ ನಂತರ ಹಳೆಯ ಟೇಪುಗಳೆಲ್ಲ ಮಾರುಕಟ್ಟೆಗೆ ಬಂದವು, ಆಮೇಲೆ ಮರುರೆಕಾರ್ಡಿಂಗ್‌ಗಳೂ ಸೇರಿಕೊಂಡವು. ಎಲ್ಲದರ ಮೇಲೂ ಹಾಡಿನ ಹೆಸರು ಒಂದೇ. 'ಗ್ರೇಟೆಸ್ಟ್ ಹಿಟ್ಸ್' ಎಂದು ಕಂಡದ್ದನ್ನೆಲ್ಲ ಒತ್ತಬೇಡಿ, ರೆಕಾರ್ಡಿಂಗ್ ವರ್ಷವನ್ನೂ ಮೂಲ ಲೇಬಲ್ಲನ್ನೂ ನೋಡಿ.

ಶುರು ಮಾಡಲು 'ವೇಸ್ಟೆಡ್ ಡೇಸ್'ನ 1959ರ ಮತ್ತು 1975ರ ರೆಕಾರ್ಡಿಂಗ್‌ಗಳನ್ನು ಒಂದರ ಹಿಂದೊಂದು ಕೇಳಿ. ನಮ್ಮ ಸಂಗೀತ ಗೊತ್ತಿರುವವರಿಗೆ ಇದು ಸುಲಭ: ನಾಲ್ಕು ಎಣಿಕೆಯ ತಾಳ, ಪ್ರತಿ ಎಣಿಕೆಯಲ್ಲೂ ಮೂರು ಮೂರು ಪೆಟ್ಟು, ಅಂದರೆ ತಿಸ್ರ ನಡೆ. ಕೈಯಲ್ಲಿ ತಾಳ ಹಾಕಿಕೊಂಡು ಕೇಳಿದರೆ ದನಿ ಎಣಿಕೆಗಿಂತ ತುಸು ಹಿಂದೆ ಬಂದು ಕೂರುವುದು ಗೊತ್ತಾಗುತ್ತದೆ.

ಅಲ್ಲಿಂದ ನೇರವಾಗಿ 1990ಕ್ಕೆ ಜಿಗಿಯಿರಿ, ಟೆಕ್ಸಸ್ ಟಾರ್ನೇಡೋಸ್‌ಗೆ. ಡಗ್ ಸಾಮ್, ಆರ್ಗನ್ ನುಡಿಸುವ ಆಗಿ ಮೈಯರ್ಸ್, ಅಕಾರ್ಡಿಯನ್‌ನ ಫ್ಲಾಕೊ ಹಿಮೆನೆಸ್, ಜೊತೆಗೆ ಫೆಂಡರ್. ಫ್ಲಾಕೊ ಅವರ ತಂದೆ ಬರೆದ 'ಸೋಯ್ ದೆ ಸ್ಯಾನ್ ಲೂಯಿಸ್'ಗೆ ಈ ತಂಡಕ್ಕೆ ಗ್ರ್ಯಾಮಿ ಸಿಕ್ಕಿತು. ಮೊದಲ ಆಲ್ಬಂ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡು ಆವೃತ್ತಿಗಳಲ್ಲಿದೆ. ತಂಡದ ಹೆಸರು 'ಲೋಸ್' ಎಂದು ಶುರುವಾದರೆ ಅದು ಸ್ಪ್ಯಾನಿಷ್‌ನದು, ಮೊದಲು ಅದನ್ನೇ ಹಾಕಿ.

ಕೊನೆಗೆ 2002ರಲ್ಲಿ ಗ್ರ್ಯಾಮಿ ಪಡೆದ 'ಲಾ ಮೂಸಿಕಾ ದೆ ಬಾಲ್ಡೆಮಾರ್ ವೆರ್ತಾ'. ಪೂರ್ತಿ ಸ್ಪ್ಯಾನಿಷ್, ಬಾಲ್ಯದಲ್ಲಿ ಕೇಳಿದ ಬೊಲೆರೊ ಅನ್ನುವ ನಿಧಾನ ಪ್ರೇಮಗೀತೆಗಳು, ರಾಂಚೇರಾಗಳು, ಆಲ್ಬಂಗೆ ಹುಟ್ಟುಹೆಸರೇ ಶೀರ್ಷಿಕೆ. ಆರೋಗ್ಯ ಆಗ ಕೈಕೊಟ್ಟಿತ್ತು, ಅದೇ ವರ್ಷ ಮಗಳು ಅವರಿಗೆ ಮೂತ್ರಪಿಂಡ ಕೊಟ್ಟರು. 2006ರ ಅಕ್ಟೋಬರ್ 14ರಂದು ಕಾರ್ಪಸ್ ಕ್ರಿಸ್ಟಿಯಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಪ್‌ಗಳಲ್ಲಿ ತೆಹಾನೊ ವಿಭಾಗದಲ್ಲಿ ಹುಡುಕಿದರೆ ಅವರು ಸಿಗದೇ ಹೋಗಬಹುದು. ಆಲ್ಬಂ ಹೆಸರನ್ನೇ ಪೂರ್ತಿ ಟೈಪ್ ಮಾಡಿ.