ಮೈಕ್ರೋ ಆರ್‌ಎನ್‌ಎ ಅಳೆದರೆ ಯಾವ ಜ್ವರ ಎಂದು ಗೊತ್ತಾಗುವುದಿಲ್ಲವೇ?

ತಮ್ಮನಿಗೆ ಡೆಂಗ್ಯೂ ಆಗಿತ್ತು, ವೈರಸ್ ಹೊಕ್ಕರೆ ರಕ್ತದ ಮೈಕ್ರೋ ಆರ್‌ಎನ್‌ಎ ಏರುಪೇರಾಗುತ್ತದಂತೆ, ಅದನ್ನೇ ಅಳೆದು ಡೆಂಗ್ಯೂವೋ ಮಂಗನ ಕಾಯಿಲೆಯೋ ಹೇಳಬಾರದೇ ಎಂದು ಕೇಳಿದ್ದೀರಿ. ನಾನು ಶಿರಸಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಧಾರವಾಡದಲ್ಲಿ ಎಂಎಸ್ಸಿ ಓದುವಾಗ ಆರು ತಿಂಗಳು ಇದರ ಬೆನ್ನು ಹತ್ತಿದ್ದೆ, ಪೆಟ್ಟೂ ತಿಂದಿದ್ದೆ.

ಏರುಪೇರಾಗುವುದು ನಿಜ. ಆದರೆ ಅದು ವೈರಸ್ಸಿನ ಹೆಸರು ಹೇಳುವುದಿಲ್ಲ. ಡೆಂಗ್ಯೂ ವೈರಸ್ಸಿನ ಆರ್‌ಎನ್‌ಎ, ಅಂದರೆ ಅದರ ವಂಶವಾಹಿ ಸಂದೇಶದ ಎಳೆ, ಸುಮಾರು 11 ಸಾವಿರ ಅಕ್ಷರದ್ದು. ಮೈಕ್ರೋ ಆರ್‌ಎನ್‌ಎ ಬರೀ 22 ಅಕ್ಷರದ ಚೂರು, ಅದೂ ನಮ್ಮದೇ ಜೀವಕೋಶದ್ದು. ಯಾವ ಪ್ರೋಟೀನ್ ಎಷ್ಟು ತಯಾರಾಗಬೇಕು ಎಂಬುದಕ್ಕೆ ಕಡಿವಾಣ ಹಾಕುವುದು ಇದರ ಕೆಲಸ. (1993ರಲ್ಲಿ ಒಂದು ಹುಳದಲ್ಲಿ ಇದನ್ನು ಕಂಡ ಆಂಬ್ರೋಸ್ ಮತ್ತು ರವ್ಕನ್‌ಗೆ 2024ರಲ್ಲಿ ನೊಬೆಲ್ ಬಂತು.)

ಮೈಕ್ರೋ ಆರ್‌ಎನ್‌ಎಗಳಲ್ಲಿ ಹಲವು ಬಗೆ, ಅವನ್ನು ನಂಬರಿನಿಂದ ಕರೆಯುತ್ತಾರೆ. 122 ನಂಬರಿನದನ್ನೇ ನೋಡಿ. ಅದು ಹೆಚ್ಚುಕಡಿಮೆ ಲಿವರಿನ ಸ್ವಂತ ಸೊತ್ತು. ಲಿವರ್ ಕೋಶ ಒಡೆದರೆ ರಕ್ತಕ್ಕೆ ಸೋರುತ್ತದೆ. ಕೋಶ ಒಡೆದದ್ದು ಡೆಂಗ್ಯೂವಿನಿಂದಲೋ ಕಾಮಾಲೆಯಿಂದಲೋ, ಪ್ಯಾರಾಸಿಟಮಾಲ್ ಅತಿಯಾಗಿ ನುಂಗಿದ್ದರಿಂದಲೋ, ಅದಕ್ಕೇನು ಗೊತ್ತು? 155 ಮತ್ತು 146 ಕೂಡ ಹಾಗೇ: ರೋಗನಿರೋಧಕ ಕೋಶಗಳು ಎದ್ದು ಕೂತರೆ ಇವು ಏರುತ್ತವೆ, ಎಬ್ಬಿಸಿದವರು ಯಾರೇ ಇರಲಿ. ಹೆಪಟೈಟಿಸ್ ಸಿ ಮಾತ್ರ ವಿಚಿತ್ರ. ಆ ವೈರಸ್ಸು 122ನ್ನು ತನ್ನ ಆರ್‌ಎನ್‌ಎಯ ತುದಿಗೆ ಅಂಟಿಸಿಕೊಂಡು, ಅದರ ಆಸರೆಯಲ್ಲೇ ಬೆಳೆಯುತ್ತದೆ.

ಇನ್ನು ನನ್ನ ಪೆಟ್ಟಿನ ಕಥೆ. ಜ್ವರದವರಲ್ಲಿ 451 ನಂಬರಿನದು ಭರ್ಜರಿ ಏರಿದೆ ಎಂದು ಕುಣಿಯುತ್ತ ಗೈಡ್ ಹತ್ತಿರ ಹೋದೆ. ಅವರು ಗ್ರಾಫ್ ನೋಡಲೇ ಇಲ್ಲ. ಟ್ಯೂಬ್ ತಂದು ಕಿಟಕಿ ಬೆಳಕಿಗೆ ಹಿಡಿ ಅಂದರು. ತಿಳಿ ಹಳದಿ ಇರಬೇಕಾದ ಪ್ಲಾಸ್ಮಾ (ಕಣ ತೆಗೆದ ಮೇಲೆ ಉಳಿಯುವ ರಕ್ತದ ನೀರು), ನೀರು ಬೆರೆಸಿದ ಮುರುಗಲು ಶರಬತ್ತಿನ ಬಣ್ಣ! ಕೆಂಪು ರಕ್ತಕಣದ ತುಂಬಾ 451 ಇರುತ್ತದೆ, ಕಣ ಒಡೆದರೆ ಎಲ್ಲ ಪ್ಲಾಸ್ಮಾಕ್ಕೆ. ಜ್ವರದವರ ರಕ್ತ ಶಿರಸಿಯಿಂದ ಬಸ್ಸಿನಲ್ಲಿ ಕುಲುಕಾಡುತ್ತ ಬಂದಿತ್ತು. ಆರೋಗ್ಯವಂತರದ್ದು ಹಾಸ್ಟೆಲ್ ಗೆಳೆಯರದ್ದು, ತೆಗೆದ ಕೂಡಲೇ ಸೆಂಟ್ರಿಫ್ಯೂಜಿಗೆ (ಗರಗರ ತಿರುಗಿಸಿ ಕಣ ಬೇರ್ಪಡಿಸುವ ಯಂತ್ರ) ಹಾಕಿದ್ದು. ನಾನು ಅಳೆದದ್ದು ಜ್ವರವನ್ನಲ್ಲ, ರಸ್ತೆಯ ಹೊಂಡಗಳನ್ನು. ಇನ್ನೊಂದು ತಮಾಷೆ, ಉಳಿದವನ್ನು ಹೋಲಿಸಿ ನೋಡಲು ಎಷ್ಟೋ ಜನ ಅಳತೆಗೋಲಾಗಿ ಇಟ್ಟುಕೊಳ್ಳುತ್ತಿದ್ದ 16 ನಂಬರಿನದೂ ಕೆಂಪು ಕಣದಲ್ಲೇ ದಂಡಿಯಾಗಿರುತ್ತದೆ. ಡೆಂಗ್ಯೂವಿನಲ್ಲಿ ಪ್ಲೇಟ್ಲೆಟ್ ಬೇರೆ ಇಳಿಯುತ್ತದೆ, ಅವು ಬಿಡುವ ಮೈಕ್ರೋ ಆರ್‌ಎನ್‌ಎ ಚೂರುಗಳ ಲೆಕ್ಕವೂ ಅದರೊಟ್ಟಿಗೆ ತಪ್ಪುತ್ತದೆ.

ಹಾಗಾಗಿ ಡೆಂಗ್ಯೂ ಪತ್ತೆಗೆ ಮೊದಲ ನಾಲ್ಕೈದು ದಿನ ಎನ್‌ಎಸ್‌1 (ವೈರಸ್ಸಿನದೇ ಒಂದು ಪ್ರೋಟೀನ್ ಹುಡುಕುವ ಪರೀಕ್ಷೆ) ಅಥವಾ ಪಿಸಿಆರ್, ಆಮೇಲೆ ಐಜಿಎಂ (ವೈರಸ್ ವಿರುದ್ಧ ನಮ್ಮ ಮೈ ತಯಾರಿಸುವ ಪ್ರತಿಕಾಯ). ಮಂಗನ ಕಾಯಿಲೆಗೂ ಶುರುವಿನಲ್ಲಿ ಪಿಸಿಆರ್, ಅದು ವೈರಸ್ಸಿನದೇ ಆರ್‌ಎನ್‌ಎ ಹುಡುಕುತ್ತದೆ. ಸಿದ್ದಾಪುರ, ಹೊನ್ನಾವರದ ಕಡೆಯವರಾದರೆ ಬೇಸಿಗೆಯಲ್ಲಿ ಸೊಪ್ಪಿನ ಬೆಟ್ಟಕ್ಕೆ ದರಕು (ಒಣ ಎಲೆ) ಗುಡಿಸಲು ಹೋಗಿದ್ದು, ಉಣುಗು ಕಚ್ಚಿದ್ದು, ಹತ್ತಿರದಲ್ಲಿ ಮಂಗ ಸತ್ತಿದ್ದು, ಇಷ್ಟನ್ನು ಡಾಕ್ಟರಿಗೆ ಅವರು ಕೇಳದಿದ್ದರೂ ಹೇಳಿ.

ಮೈಕ್ರೋ ಆರ್‌ಎನ್‌ಎಯಿಂದ ಜ್ವರ ಯಾರಿಗೆ ಬಿಗಡಾಯಿಸೀತು ಎಂದು ಮೊದಲೇ ಗುರುತಿಸಲು ಸಂಶೋಧಕರು ನೋಡುತ್ತಿದ್ದಾರೆ, ಅದು ನನಗೆ ಹೆಚ್ಚು ಅರ್ಥವಿರುವ ದಾರಿ ಅನಿಸುತ್ತದೆ. ಸದ್ಯಕ್ಕೆ ತಮ್ಮನ ಹಳೇ ರಿಪೋರ್ಟಿನಲ್ಲಿ ಎಸ್‌ಜಿಪಿಟಿ ಎಂಬ ಸಾಲು ಇದೆಯೇ ನೋಡಿ, ಅದೂ ಲಿವರ್ ಕೋಶ ಒಡೆದಾಗ ರಕ್ತಕ್ಕೆ ಸೋರುವ ಕಿಣ್ವವೇ. 122 ಹೇಳುವ ಸುದ್ದಿಯ ಬಹುಪಾಲು ಅಲ್ಲೇ ಇರುತ್ತದೆ.