ಅರವತ್ತು ವರ್ಷದ ತಪ್ಪಿಗೆ ಕೊನೆಯಿಲ್ಲದ ನರಕವೇ?

"ಅರವತ್ತು ವರ್ಷದ ಬದುಕಿನ ತಪ್ಪಿಗೆ ಕೊನೆಯೇ ಇಲ್ಲದ ನರಕ, ಇದು ಯಾವ ನ್ಯಾಯ? ಜ್ಞಾನಸ್ನಾನ (ಕ್ರೈಸ್ತಳಾಗುವ ದೀಕ್ಷೆ) ಪಡೆಯದ ನನ್ನ ಅಜ್ಜಿಯ ಗತಿ ಏನು?" ಅಂತ ಕೇಳಿದ್ದೀರಿ. ನಾನು ಬೆಂಗಳೂರಿನ ಶಿವಾಜಿನಗರದ ಕಥೋಲಿಕ. ಈ ಪ್ರಶ್ನೆ ನನ್ನನ್ನೂ ತುಂಬಾ ಕಾಡಿದೆ.

ಮೊದಲು ಅಜ್ಜಿಯ ವಿಷಯ. ತಮ್ಮದೇನೂ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ, ಮನಸ್ಸಾಕ್ಷಿಯಂತೆ ಬದುಕಿದವರೂ ರಕ್ಷಣೆ ಹೊಂದಬಹುದು ಎಂದು ಕಥೋಲಿಕ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಹೇಳಿದೆ. ಯಾರಾದರೂ ಸುಮ್ನೆ ಹೆದರಿಸಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇನ್ನು ನ್ಯಾಯ. ದೇವರು ಅನಂತ, ಆತನ ವಿರುದ್ಧದ ತಪ್ಪೂ ಅನಂತ, ಹಾಗಾಗಿ ಶಿಕ್ಷೆಗೂ ಕೊನೆಯಿಲ್ಲ ಎಂದು ಮಧ್ಯಯುಗದ ಕ್ರೈಸ್ತ ಚಿಂತಕ ಅಕ್ವಿನಾಸ್ ವಾದಿಸಿದ್ದರು. ನನಗೆ ಇದು ಒಪ್ಪಿಗೆಯಾಗಲಿಲ್ಲ. ತಪ್ಪು ಮಾಡಿದವನಿಗೆ ಅರಿವು ಎಷ್ಟಿತ್ತು ಎಂದು ನಮ್ಮ ಕೋರ್ಟುಗಳೇ ನೋಡುತ್ತವೆ, ಅಲ್ವಾ? ಕಥೋಲಿಕ ಬೋಧನೆಗಳನ್ನು ವಿವರಿಸುವ 1992ರ ಧರ್ಮೋಪದೇಶ ಗ್ರಂಥದ ಮಾತು ನನಗೆ ಜಾಸ್ತಿ ಹಿಡಿಸಿತು: ನರಕ ಎಂದರೆ ಮನುಷ್ಯ ತಾನಾಗಿಯೇ ದೇವರಿಂದ ದೂರ ಉಳಿಯುವ ಸ್ಥಿತಿ. ಪ್ರೀತಿಯನ್ನು ಬಲವಂತವಾಗಿ ಕೊಡಲು ಆಗುವುದಿಲ್ಲ.

ಆದರೂ, ಸತ್ತ ಮೇಲೆ ಮನಸ್ಸು ಬದಲಾಗಲು ಅವಕಾಶ ಏಕಿಲ್ಲ? ನಾಲ್ಕನೇ ಶತಮಾನದ ಬಿಷಪ್ ನಿಸ್ಸಾದ ಗ್ರೆಗರಿ ಕೊನೆಗೆ ಎಲ್ಲರೂ ಗುಣವಾಗುತ್ತಾರೆ ಎಂದು ನಂಬಿದ್ದರು. ಆದರೆ ಬೈಬಲಿನ ಮತ್ತಾಯ 25:46ರಲ್ಲಿ ದಂಡನೆಗೂ ಜೀವಕ್ಕೂ 'ನಿತ್ಯ' ಎಂಬ ಒಂದೇ ಪದವಿದೆ. ದಂಡನೆಗೆ ಕೊನೆಯಿದೆ ಎಂದರೆ ಜೀವಕ್ಕೂ ಕೊನೆಯಿದೆ ಎನ್ನಬೇಕಾಗುತ್ತದಲ್ಲ? ಅಲ್ಲಿ ನಾನು ಇನ್ನೂ ಸಿಕ್ಕಿಕೊಂಡಿದ್ದೇನೆ.

ಒಂದು ಮಾತು ಗೊತ್ತಿರಲಿ. ಕಥೋಲಿಕ ಸಭೆ (ಚರ್ಚ್) ಎಷ್ಟೋ ಜನರನ್ನು ಸಂತರೆಂದು ಸಾರಿದೆ. ಇಂಥವರು ನರಕದಲ್ಲಿದ್ದಾರೆ ಎಂದು ಒಬ್ಬರ ಹೆಸರನ್ನೂ ಹೇಳಿಲ್ಲ. ಸತ್ತವರನ್ನು ನೆನೆಯುವ ದಿನವಾದ ನವೆಂಬರ್ 2ರಂದು ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುತ್ತೇವೆ. ಈ ಸಲ ನಿಮ್ಮ ಅಜ್ಜಿಗಾಗಿಯೂ ಒಂದು ಹಚ್ಚುತ್ತೇನೆ.