ಮನೇಲಿ ಬ್ರಿಟಿಷ್ ಆಫ್ಟರ್‌ನೂನ್ ಟೀ ಮಾಡೋದು ಹೇಗೆ, ಹೈ ಟೀ ಅಂದ್ರೂ ಅದೇನಾ?

ಅಲ್ಲ, ಹೈ ಟೀ ಬೇರೆ. ಅದು ಕೆಲಸ ಮುಗಿಸ್ಕೊಂಡು ಬಂದ ಕಾರ್ಮಿಕರು ಸಂಜೆ ಟೀ ಜೊತೆ ಮಾಡ್ತಿದ್ದ ಹೊಟ್ಟೆತುಂಬ ಊಟ. ಆಫ್ಟರ್‌ನೂನ್ ಟೀ ಅನ್ನೋದು 1840ರ ಸುಮಾರಿಗೆ ಬೆಡ್‌ಫರ್ಡ್‌ನ ಡಚೆಸ್ ಆನಾ ಶುರು ಮಾಡಿದ್ದು ಅಂತಾರೆ, ರಾತ್ರಿ ಊಟ ತುಂಬಾ ಲೇಟಾಗ್ತಿತ್ತಲ್ಲ, ಅಷ್ಟೊತ್ತಿಗೆ ಹಸಿವು.

ಇದ್ರಲ್ಲಿ ಟೀ ಜೊತೆ ಸ್ಯಾಂಡ್‌ವಿಚ್, ಸ್ಕೋನ್ (ಸಣ್ಣ ಬನ್ ಥರದ್ದು), ಕೇಕ್ ಇರುತ್ತೆ. ಜನ ಎಡವೋದು ಸೌತೆಕಾಯಿ ಸ್ಯಾಂಡ್‌ವಿಚ್‌ನಲ್ಲೇ. ತೆಳ್ಳಗೆ ಹೆಚ್ಚಿ, ಉಪ್ಪು ಹಾಕಿ 20 ನಿಮಿಷ ಬಿಟ್ಟು, ನೀರು ಒರೆಸಿ, ಬ್ರೆಡ್ಡಿನ ಎರಡೂ ಪೀಸಿಗೆ ತುದಿ ತನಕ ಬೆಣ್ಣೆ ಸವರಿ, ಇಲ್ಲಾಂದ್ರೆ ಬ್ರೆಡ್ ಒದ್ದೆಯಾಗಿ ಮೆತ್ತಗಾಗುತ್ತೆ, ಅಂಚು ಕಟ್ ಮಾಡೋದು ಕೊನೇಲಿ. ಆಮೇಲೆ ಬಿಸಿ ಸ್ಕೋನ್, ಜಾಮ್, ಕ್ಲಾಟೆಡ್ ಕ್ರೀಮ್ (ಗಟ್ಟಿ ಕೆನೆ). ಇಂಗ್ಲೆಂಡಿನ ಡೆವನ್‌ ಕಡೆಯವ್ರು ಸ್ಕೋನ್‌ಗೆ ಮೊದ್ಲು ಕ್ರೀಮ್ ಹಚ್ತಾರೆ, ಪಕ್ಕದ ಕಾರ್ನ್‌ವಾಲ್‌ನವ್ರು ಮೊದ್ಲು ಜಾಮ್, ನಂಗೆ ಕಾರ್ನ್‌ವಾಲ್ ರೀತೀನೇ ಇಷ್ಟ. ಕೇಕ್ ಅಂಗಡಿದಾದ್ರೂ ನಡೆಯುತ್ತೆ.

ಟೀ ಮಾತ್ರ ನಮ್ಮ ಥರ ಹಾಲು ಹಾಕಿ ಕುದಿಸ್ಬೇಡಿ ದಯವಿಟ್ಟು. ಟೀಪಾಟ್‌ಗೆ ಬಿಸಿನೀರು ಹಾಕಿ ಚೆಲ್ಲಿ, ತಲೆಗೊಂದು ಟೀ ಸ್ಪೂನ್ ಅಸ್ಸಾಂ ಎಲೆ, ಮೇಲೆ ಕುದಿಯೋ ನೀರು, 4 ನಿಮಿಷ ಮುಚ್ಚಿಡಿ, ತಣ್ಣಗಿರೋ ಹಾಲನ್ನ ಅವರವರೇ ಕಪ್ಪಿಗೆ ಹಾಕ್ಕೊಳ್ಲಿ. ಡಾರ್ಜಿಲಿಂಗ್ ಆದ್ರೆ ಹಾಲು ಬೇಡವೇ ಬೇಡ.